ಹವಾಲ್ದಾರ್ ಈರಣ್ಣನ ಕಾವಲು

ಅರ್ಜಿ ಹೇಳಿ ಬರೆಸುವಾಗ ಹವಾಲ್ದಾರ್ ಈರಣ್ಣ ಕಾಕಾ ಎಂದೂ ಕೂತವರಲ್ಲ. ಸಂಡೂರಿನ ಬಸ್ ನಿಲ್ದಾಣದ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇತ್ತು. ಎಂಟಡಿ ಅಗಲ, ಒಂದು ಕಂಪ್ಯೂಟರ್, ಗಿರಾಕಿಗಳಿಗೆಂದು ಒಂದು ಬೆಂಚು. ಅವರು ಬೆಂಚಿನ ಕಡೆ ನೋಡುತ್ತಲೇ ಇರಲಿಲ್ಲ. ಹಿಮ್ಮಡಿ ಕೂಡಿಸಿ, ಕೈಗಳನ್ನು ತೊಡೆಗೆ ಅಂಟಿಸಿ, ಗೋಡೆಯ ಕ್ಯಾಲೆಂಡರನ್ನು ದಿಟ್ಟಿಸುತ್ತ, ಮೇಲಧಿಕಾರಿಗೆ ವರದಿ ಒಪ್ಪಿಸುವವರಂತೆ ಒಂದೊಂದೇ ಮಾತು ಹೇಳುತ್ತಿದ್ದರು.

"ಕುಂದ್ರಿ ಕಾಕಾ, ಕಾಲು ನೋಯ್ತಾವ" ಎಂದರೆ, "ಹುಲುಗಪ್ಪನ ವಿಷಯ ಕುಂತು ಹೇಳಾಕ ಬರಂಗಿಲ್ಲ ತಂಗೆವ್ವ. ನೀ ಬರಿ" ಎನ್ನುತ್ತಿದ್ದರು.

ಅದಿರಿಗೆ ಬಂಗಾರದ ಬೆಲೆ ಬಂದಿದ್ದ ವರ್ಷಗಳವು. ಲಾರಿಗಳ ಸಾಲು ಊರು ಹೊಕ್ಕರೆ ರಸ್ತೆ ದಾಟಲು ಕಾಲು ಗಂಟೆ ಬೇಕಿತ್ತು. ಮರದ ಎಲೆ, ಹೋಟೆಲಿನ ಇಡ್ಲಿ, ನನ್ನ ಕೀಬೋರ್ಡು ಎಲ್ಲವೂ ಕೆಂಪು. ಕಾಕಾ ವಡ್ಡು ಗ್ರಾಮದ ಆಚೆಯ ತಮ್ಮ ಹಳ್ಳಿಯಿಂದ ಬಸ್ಸಿಗೆ ಬಂದು, ಅಂಗಡಿಯ ಮೆಟ್ಟಿಲ ಬಳಿ ನಿಂತು, ಜೇಬಿನಿಂದ ಅರಿವೆ ತುಂಡು ತೆಗೆದು ಬೂಟು ಒರೆಸಿಕೊಂಡೇ ಒಳಗೆ ಬರುತ್ತಿದ್ದರು. ಪಕ್ಕದ ಚಹಾದಂಗಡಿಯವನು ನಗುತ್ತಿದ್ದ. "ಐದು ನಿಮಿಷಕ್ಕ ಮತ್ತ ಕೆಂಪಾಕ್ಕಾವಲ್ರೀ!"

"ಆಗ್ಲಿ. ಕೆಂಪಾಗೂದು ಬೂಟಿನ ಕೆಲಸ, ಒರಸೂದು ನನ್ನ ಕೆಲಸ."

ಮಿಲಿಟರಿಯಿಂದ ಬಂದವರನ್ನು ಗಣಿಯವರು ಆಗ ಹುಡುಕಿ ಹುಡುಕಿ ಕಾವಲಿಗೆ ಇಟ್ಟುಕೊಳ್ಳುತ್ತಿದ್ದರು. ಕಾಕಾನನ್ನು ಕರೆದವರೂ ಬಹಳ ಜನ. "ದೇಶ ಕಾಯ್ದ ಕೈಲೆ ಕಳ್ಳರ ಮಣ್ಣು ಕಾಯಂಗಿಲ್ಲ" ಎಂದು ಎಲ್ಲರನ್ನೂ ವಾಪಸು ಕಳಿಸಿದ್ದರು.

ಹುಲುಗಪ್ಪ ಅವರದೇ ಊರಿನವನು, ಅವರಿಗಿಂತ ಹದಿನೈದು ವರ್ಷ ಚಿಕ್ಕವನು. ರಜೆಗೆ ಬಂದಾಗಲೆಲ್ಲ ಕಾಕಾ ಅವನನ್ನು ಗುಡ್ಡದ ದಾರಿಯಲ್ಲಿ ಓಡಿಸಿ, ದಂಡ ಹೊಡೆಸಿ, ಬಳ್ಳಾರಿಯ ಭರ್ತಿಗೆ ತಾವೇ ಕರೆದೊಯ್ದಿದ್ದರು. ಐದು ವರ್ಷದ ಮೇಲೆ ಕಾಶ್ಮೀರದ ಗಡಿಯಲ್ಲಿ ಅವನು ಸತ್ತ. ಶವಪೆಟ್ಟಿಗೆಯ ಜೊತೆ ವಿಮಾನದಲ್ಲಿ, ರೈಲಿನಲ್ಲಿ, ಕೊನೆಗೆ ಮಿಲಿಟರಿ ಲಾರಿಯಲ್ಲಿ ಕೂತು ಊರಿಗೆ ಬಂದವರೂ ಕಾಕಾನೇ. ಅವನ ತಾಯಿ ದುರುಗಮ್ಮನ ಎರಡೆಕರೆ ಹೊಲದ ಅಂಚಿಗೆ ಸಮಾಧಿಯಾಯಿತು. ಬಂದೂಕು ಹಾರಿಸಿ ಗೌರವ ಕೊಟ್ಟರು. ಊರವರು ಸಿಮೆಂಟಿನ ಕಟ್ಟೆ ಕಟ್ಟಿ ಹೆಸರು ಬರೆಸಿದರು. ಕಾಕಾ ನಿವೃತ್ತರಾಗಿ ಬಂದ ಮೇಲೆ ದುರುಗಮ್ಮನ ಮನೆಗೆ ಹೋಗದ ದಿನವಿರಲಿಲ್ಲ.

ಆಮೇಲೆ ಅದಿರಿನ ಕಾಲ ಬಂತು. ದುರುಗಮ್ಮನ ಹಿರಿಯ ಮಗ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲವನ್ನು ಮಾರಿ ಊರು ಬಿಟ್ಟ. ಕೊಂಡವರು ಸುತ್ತಲಿನ ಹೊಲಗಳನ್ನೂ ಸೇರಿಸಿ ತಂತಿ ಬೇಲಿ ಹಾಕಿ ಅದಿರಿನ ಯಾರ್ಡು ಮಾಡಿದರು. ಕಾಕಾ ಆ ವಾರ ಕಂಪ್ಲಿಗೆ ಕೊಟ್ಟ ಮಗಳ ಬಾಣಂತನಕ್ಕೆ ಹೋಗಿದ್ದರು. ಮರಳಿ ಬಂದಾಗ ಸಮಾಧಿ ಇದ್ದ ಕಡೆ ಎರಡು ಅಂತಸ್ತಿನ ಮನೆಯಷ್ಟು ಎತ್ತರದ ಅದಿರಿನ ರಾಶಿ ನಿಂತಿತ್ತು.

ಅವರು ನನ್ನ ಅಂಗಡಿಗೆ ಬರಲು ಶುರು ಮಾಡಿದ್ದು ಆಗಲೇ. ಎಲ್ಲ ಅರ್ಜಿಗಳಲ್ಲೂ ಕೇಳಿದ್ದು ಒಂದನ್ನೇ. ರಾಶಿ ಸರಿಸಿ, ಹುಲುಗಪ್ಪನನ್ನು ತೆಗೆದು ಊರ ಗುಡಿಯ ಹಿಂದೆ ಮಣ್ಣು ಮಾಡಲು ಅಪ್ಪಣೆ ಕೊಡಬೇಕು. ಪ್ರತಿ ಅರ್ಜಿಯಲ್ಲೂ ಹುಲುಗಪ್ಪನ ಹೆಸರು ಮೊದಲು, ದುರುಗಮ್ಮನದು ಆಮೇಲೆ, ತಮ್ಮದು ಕೊನೆಗೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸುತ್ತಿದ್ದರು. ಅವರು ತಿರುಗಿ ಬಂದು ಮತ್ತೆ ಕ್ಯಾಲೆಂಡರಿನ ಎದುರು ನಿಲ್ಲುತ್ತಿದ್ದರು.

ಎರಡು ವರ್ಷದ ಮೇಲೆ ಒಬ್ಬ ಅಧಿಕಾರಿಯ ಮನಸ್ಸು ಕರಗಿತು. ಅಗೆದು ನೋಡಲು ಒಂದು ದಿನ ಕೊಟ್ಟರು. ನಡೆದದ್ದನ್ನೆಲ್ಲ ಬರೆದುಕೊಳ್ಳಲು ಕಾಕಾ ನನ್ನನ್ನೂ ಕರೆದೊಯ್ದರು. ಊರಿನ ಆರು ಜನ ಗುದ್ದಲಿ ಸಲಿಕೆ ಹಿಡಿದು ಬಂದಿದ್ದರು. ದುರುಗಮ್ಮ ಮಡಿಲಲ್ಲಿ ಹೊಸ ಬಿಳಿ ಪಂಚೆ ಇಟ್ಟುಕೊಂಡು ಬೇಲಿಯ ಬಳಿ ಕೂತಿದ್ದಳು.

ಯಾರ್ಡಿನ ಮ್ಯಾನೇಜರ್ ಅಡ್ಡ ಬಂದ. "ರಾಶಿ ಮುಟ್ಟಾಕ ಬರಂಗಿಲ್ರಿ. ಬಂದರಿನಾಗ ಹಡಗು ನಿಂತೈತಿ. ಆ ಕಡೆ ಬಯಲೈತಲ್ಲ, ಅಲ್ಲಿ ಅಗೀರಿ."

"ಅಲ್ಲಿ ಏನೈತ್ರಿ? ಅಂವ ಇದರ ಅಡಿಯಾಗ ಅದಾನ" ಎಂದರು ಕಾಕಾ.

"ಅಪ್ಪಣೆದಾಗ ಅಗೀಬೇಕಂತ ಐತಿ. ರಾಶಿ ಸರಿಸಬೇಕಂತ ಎಲ್ಲೈತಿ? ತೋರಸ್ರಿ."

ನಾನು ಕಾಗದ ಬಿಚ್ಚಿ ಓದಿದೆ. ಅವನು ಹೇಳಿದ್ದು ನಿಜವಿತ್ತು. ಅರ್ಜಿಯಲ್ಲಿದ್ದ ಮಾತು ಅಪ್ಪಣೆಗೆ ಬರುವಷ್ಟರಲ್ಲಿ ಬಿದ್ದುಹೋಗಿತ್ತು. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

ಕಾಕಾ ಅಂಗಿ ಬಿಚ್ಚಿಟ್ಟು, ರಾಶಿಯ ಬುಡಕ್ಕೆ ತಾಗಿಯೇ ಅಗೆಯತೊಡಗಿದರು. ಅಡ್ಡಲಾಗಿ ಒಳಗೆ ಹೋದರೆ ಕಟ್ಟೆಯ ಮೂಲೆಯಾದರೂ ಸಿಕ್ಕೀತು ಎಂಬ ಆಸೆ. ಒಂದು ಮೊಳ ಒಳಗೆ ಹೋದರೆ ಮೇಲಿನಿಂದ ಎರಡು ಮೊಳ ಅದಿರು ಜಾರಿ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಉಳಿದವರು ಕೈಬಿಟ್ಟರು. ಅವರು ಬಿಡಲಿಲ್ಲ. ಸೊಂಟದವರೆಗೆ ಹೂತು, ಕೈಯ ಚರ್ಮ ಕಿತ್ತು ರಕ್ತ ಬಂದರೂ ಎರಡೂ ಕೈಯಲ್ಲಿ ಬಾಚುತ್ತಿದ್ದರು. "ಹುಲುಗಾ, ಲೇ ಹುಲುಗಾ" ಎಂದು ಕರೆಯುತ್ತಿದ್ದರು, ನಿದ್ದೆಯಲ್ಲಿದ್ದವನನ್ನು ಎಬ್ಬಿಸುವ ಹಾಗೆ.

ಹೊತ್ತು ಇಳಿದಾಗ ದುರುಗಮ್ಮನೇ ಎದ್ದು ಬಂದು ಅವರ ರಟ್ಟೆ ಹಿಡಿದಳು. "ಸಾಕು ಬಿಡಪ್ಪ. ಮ್ಯಾಗ ಬಿದ್ರ ನೀನೂ ಸಿಗಂಗಿಲ್ಲ. ಎದ್ದು ಬಾ."

ಮುಂದಿನ ತಿಂಗಳು ಕಾಕಾ ಅದೇ ಯಾರ್ಡಿನ ಗೇಟಿನಲ್ಲಿ ಕಾವಲುಗಾರರ ನೀಲಿ ಅಂಗಿ ತೊಟ್ಟು ನಿಂತಿದ್ದಾರೆಂದು ಸುದ್ದಿ ಬಂತು. ಊರವರು ಥೂ ಎಂದರು. ಅಗೆಯಲು ಬಂದಿದ್ದವನೊಬ್ಬ ನನ್ನ ಅಂಗಡಿಯಲ್ಲೇ, "ಕೊನೀಗೆ ಮಿಲಿಟರಿಯಾಂವಾನೂ ಕೂಳಿಗೆ ಬಿದ್ದ" ಎಂದ. ನನಗೂ ಸಿಟ್ಟು ಬಂದಿತ್ತು. ಕೇಳಿಯೇಬಿಡೋಣವೆಂದು ಹೋದೆ.

"ರಾಶಿ ಎಂದಾದ್ರೂ ಒಂದಿನ ಖಾಲಿ ಆಗಾಕ ಬೇಕಲ್ಲ ತಂಗೆವ್ವ" ಎಂದರು ಕಾಕಾ. "ಆ ದಿನಾ ನಾ ಇಲ್ಲಿ ಇರಬೇಕು. ಹೊರಗಿದ್ರ ಗೊತ್ತಾಗೂದಿಲ್ಲ. ಇವರು ಅವತ್ತ ಮತ್ತೊಂದು ಸುರೀತಾರ."

ರಾಶಿ ಖಾಲಿಯಾಗಲೇ ಇಲ್ಲ. ಒಂದು ಕಡೆಯಿಂದ ತುಂಬಿಕೊಂಡು ಬಂದರಿಗೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಗುಡ್ಡ ಇಳಿದು ಬಂದು ಬೀಳುತ್ತಿತ್ತು. ಕಾಕಾ ಎರಡು ವರ್ಷ ಅದರ ಸುತ್ತ ತಿರುಗಿದರು. ಧೂಳಿಗೆ ಕೆಮ್ಮು ಹಿಡಿಯಿತು.

ಎರಡನೇ ವರ್ಷದ ಸ್ವಾತಂತ್ರ್ಯ ದಿನಕ್ಕೆ ಯಾರ್ಡಿನ ಮಾಲೀಕರು ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡರು. ಬ್ಯಾನರಿನ ಅಕ್ಷರಗಳನ್ನು ಟೈಪ್ ಮಾಡಿಕೊಟ್ಟವಳು ನಾನೇ: 'ನಿಮ್ಮ ತ್ಯಾಗಕ್ಕೆ ನಾವು ಚಿರಋಣಿ.' ಪೆಂಡಾಲು ಹಾಕಿದ್ದು ರಾಶಿಯ ಎದುರಿಗೆ. ಮಾಲೀಕರು ಶಾಲು ಹೊದಿಸಿ, ಹಾರ ಹಾಕಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ಕಾಕಾ ಶಾಲನ್ನು ಮಡಚಿ ಮೇಜಿನ ಮೇಲಿಟ್ಟರು. ಕ್ಯಾಲೆಂಡರಿನ ಎದುರು ನಿಲ್ಲುವ ಹಾಗೆಯೇ ನಿಂತರು.

"ನನಗ ಶಾಲು ಬ್ಯಾಡ್ರಿ ಸಾಹೇಬ್ರ. ಸತ್ತಾಂವ ಇಲ್ಲೇ ನಿಮ್ಮ ಹಿಂದ ಅದಾನ, ಆ ರಾಶಿ ಅಡಿಯಾಗ. ಅವರವ್ವ ಕೊನೇ ಸಾಲಿನಾಗ ಕುಂತಾಳ. ಒಂದಿನ ಆ ರಾಶಿ ಸರಿಸಿ ಕೊಡ್ರಿ. ನಾನೂ ನಿಮಗ ಸಾಯೂತನ ಚಿರಋಣಿ ಆಕ್ಕೀನಿ."

ಯಾರೋ ಅರ್ಥವಾಗದೆ ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಎಲ್ಲರೂ ತಟ್ಟಿದರು. ಮ್ಯಾನೇಜರ್ ಮೈಕು ತೆಗೆದುಕೊಂಡು ಲಾಡು ಹಂಚುವ ಸಂಗತಿ ಹೇಳಿದ.

ವಾರದೊಳಗೆ ಅವರನ್ನು ಹೊಸಪೇಟೆಯಲ್ಲಿ ರೈಲಿಗೆ ಅದಿರು ತುಂಬುವ ಸೈಡಿಂಗಿನ ಕಾವಲಿಗೆ ಹಾಕಿದರು. ಅವರು ನೀಲಿ ಅಂಗಿ ವಾಪಸು ಕೊಟ್ಟು ಬಂದು ಬೇಲಿಯ ಹೊರಗೆ, ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂರತೊಡಗಿದರು. ಬೆಳಿಗ್ಗೆ ಬಂದರೆ ಕತ್ತಲಾಗುವವರೆಗೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನಾನು ಕೈ ಮಾಡಿದರೆ ಅವರಿಗೆ ಗುರುತು ಹತ್ತುತ್ತಿರಲಿಲ್ಲ. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಮಗಳು ಬಂದು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದಳು.

ನಾನು ನೋಡಲು ಹೋದಾಗ ದುರುಗಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಏನಾದರೂ ಒಳ್ಳೆಯ ಮಾತು ಹೇಳಬೇಕೆನ್ನಿಸಿತು. ಬಾಯಿಗೆ ಬಂದದ್ದು ಬ್ಯಾನರಿನ ಮಾತೇ. ನಾಚಿಕೆಯಾಗಿ ಅದನ್ನು ನುಂಗಿಕೊಂಡು ದುರುಗಮ್ಮನ ಪಕ್ಕ ಕೂತೆ.

ಕಾಕಾ ನನ್ನನ್ನು ನೋಡಲಿಲ್ಲ, ಮುದುಕಿಯನ್ನೇ ನೋಡುತ್ತಿದ್ದರು. "ಅಷ್ಟು ದೂರದಿಂದ ತಂದೆ ಬೇ. ಹಿಮ, ನದಿ ಎಲ್ಲಾ ದಾಟಿಸಿ ತಂದೆ. ತಂದು ಊರಾಗ ಕಳದೆ."

"ನೀ ಕಳದಿಲ್ಲಪ್ಪ" ಎಂದಳು ದುರುಗಮ್ಮ. "ಮಾರಿದಾಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವ. ಹೆಬ್ಬಟ್ಟು ಒತ್ತಿದಾಕಿ ನಾನು. ನೀ ಯಾಕ ಅಳ್ತಿ?"

ಅವರು ಮುಖ ಗೋಡೆಯ ಕಡೆ ಮಾಡಿಕೊಂಡರು. ಮೂರನೇ ದಿನ ತೀರಿಕೊಂಡರು.

ಗುಡಿಯ ಹಿಂದೆ, ಹುಲುಗಪ್ಪನಿಗೆಂದು ಕೇಳಿದ್ದ ಜಾಗದಲ್ಲೇ ಅವರನ್ನು ಮಣ್ಣು ಮಾಡಿದರು. ಬಂದೂಕು ಹಾರಿಸಲು ಯಾರೂ ಬರಲಿಲ್ಲ. ಅಲ್ಲಿಂದ ನೋಡಿದರೆ ಯಾರ್ಡು ಕಾಣುತ್ತಿತ್ತು, ಲಾರಿಯೊಂದು ಹಿಂದಕ್ಕೆ ಸರಿದು ಅದಿರು ಸುರಿಯುತ್ತಿತ್ತು. ಜನರೆಲ್ಲ ಕೈಕಾಲು ತೊಳೆಯಲು ಹೋದ ಮೇಲೂ ದುರುಗಮ್ಮ ಕದಲಲಿಲ್ಲ. ನನ್ನನ್ನು ಹತ್ತಿರ ಕರೆದಳು.

"ನೀ ಬರಿಯಾಕಿ ಅಲ್ಲೇನವ್ವ? ಒಂದು ಹಾಳಿ ತಗಿ. ಗುಡಿ ಗ್ವಾಡಿಯಿಂದ ಎಷ್ಟು ಹೆಜ್ಜಿ, ಬಾವಿಯಿಂದ ಎಷ್ಟು ಹೆಜ್ಜಿ, ಸುದ್ದ ಬರಿ."

ನಾನು ಹೆಜ್ಜೆ ಹಾಕಿ ಅಳೆದೆ, ಬರೆದೆ, ಓದಿ ಹೇಳಿದೆ. ಅವಳು ಎರಡು ಸಲ ಓದಿಸಿ ಕೇಳಿದಳು.

"ಇದರವು ಎರಡು ಜೆರಾಕ್ಸ್ ತಗದು ಕೊಡು. ಒಂದು ಅವನ ಮಗಳಿಗೆ, ಒಂದು ನನಗ. ಇದು ನಿನ್ನ ಹಂತ್ಯಾಕ ಇರ್ಲಿ" ಎಂದಳು. "ಇವನಾದ್ರೂ ಎಲ್ಲಿದಾನಂತ ಗೊತ್ತಿರ್ಲಿ."