ಮೂಳೆ ಮೇಷ್ಟ್ರ ಅಳತೆ

ಯಾರಾದರೂ ಕೈ ಕುಲುಕಲು ಬಂದರೆ ಮೂಳೆ ಮೇಷ್ಟ್ರು ಅಂಗೈ ಬಿಟ್ಟು ತೋಳನ್ನೇ ಹಿಡಿಯುತ್ತಾರೆ. ಭುಜದಿಂದ ಮೊಣಕೈವರೆಗೆ ಒಮ್ಮೆ ಸವರಿ, ಬಂದವರ ಎತ್ತರ, ತೂಕದ ಜೊತೆಗೆ ಅವರ ಮುತ್ತಜ್ಜನ ಅಂಗಿಯ ಅಳತೆಯನ್ನೂ ಹೇಳಿಬಿಡುತ್ತಾರೆ. ಆದಿಮಾನವರ ಕಲ್ಲಾದ ತೋಳಿನ ಮೂಳೆಗಳನ್ನು ಅಕ್ಕಪಕ್ಕ ಇಟ್ಟು, ಆ ಜನರ ಮೈಕಟ್ಟು ಎಷ್ಟಿತ್ತೆಂದು ಲೆಕ್ಕ ಹಾಕುವುದೇ ಅವರ ಉದ್ಯೋಗ. ಸ್ವಂತ ಮೈಕಟ್ಟೋ, ಕುರ್ಚಿಯಿಂದ ಇಳಿದರೆ ಸಾಕು, ಮೇಜಿನಾಚೆಯವರು ಮೇಷ್ಟ್ರು ಮನೆಗೆ ಹೋದರೆಂದು ದೀಪ ಆರಿಸುವಷ್ಟು ಗಿಡ್ಡ. ಬಸ್ಸಿನಲ್ಲಿ ಕಂಡಕ್ಟರು ಬೆನ್ನ ಹಿಂದಿನಿಂದ "ಮಗೂಗೆ ಅರ್ಧ ಟಿಕೆಟ್ಟಾ?" ಎಂದು ಕೇಳಿದಾಗಲೆಲ್ಲ ಕೆಂಡವಾಗುತ್ತಾರೆ. ಮೂವತ್ತು ವರ್ಷದ ಹಿಂದೆ ಗೇಣುದ್ದದ ಒಂದು ತೋಳಿನ ಮೂಳೆಗೆ 'ಮಗುವಿನದು' ಎಂದು ಚೀಟಿ ಅಂಟಿಸಿದ್ದರಿಂದಲೇ ಅವರಿಗೆ ಹೆಸರು ಬಂದದ್ದು. ಮೊನ್ನೆ ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಶಿಷ್ಯೆ, "ಸರ್, ಇದು ಬೆಳೆದು ಮುಗಿದವರ ಮೂಳೆ" ಎಂದಳು. "ಸುಮ್ನಿರಮ್ಮಾ, ಇಷ್ಟು ಗಿಡ್ಡ ಇರೋ ದೊಡ್ಡವರು ಎಲ್ಲಾದ್ರೂ ಇರ್ತಾರಾ?" ಎಂದು ಮೇಷ್ಟ್ರು, ಕಪಾಟಿನಿಂದ ಆ ಮೂಳೆ ಇಳಿಸಲು ಹತ್ತಿದ್ದ ಸ್ಟೂಲಿನ ಮೇಲಿಂದಲೇ ಗುಡುಗಿದರು. ಶಿಷ್ಯೆ ಸ್ಟೂಲು ಅಲುಗಾಡದಂತೆ ಹಿಡಿದುಕೊಂಡಳು. ಮೇಷ್ಟ್ರು ಸ್ಟೂಲನ್ನು ನೋಡಿದರು, ತಮ್ಮ ತೋಳನ್ನು ನೋಡಿಕೊಂಡರು, ಚೀಟಿಯನ್ನು ತಾವೇ ಕಿತ್ತು, ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ತಪ್ಪಾಯ್ತು ಕಣಣ್ಣಾ, ಮೂವತ್ತು ವರ್ಷ ನಿಂಗೆ ಅರ್ಧ ಟಿಕೆಟ್ ಕೊಟ್ಬಿಟ್ಟೆ."