ಸಜ್ಜಿಗೆಯ ಡಬ್ಬಿ

ಪುಟ್ಟೀ, ಚಿನ್ನೂ, ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ನಾಲ್ಕು ಜನರೆದುರು ಮಾತಾಡಲು ಈಗಲೂ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಲು ತೊಡಕಾದ ಕಡೆ ನಿಮ್ಮಮ್ಮನನ್ನು ಕೇಳಿ.

ಆಗ ನಾವು ಅಮೆರಿಕದಲ್ಲಿ, ಕಾರಿನ ಕಾರ್ಖಾನೆಗಳ ಸೀಮೆಯ ಕ್ಯಾಂಟನ್ ಎಂಬ ಊರಿನಲ್ಲಿದ್ದೆವು. ನಿಮ್ಮ ತಾತ ಕಾರಿನ ಸೀಟು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಪಕ್ಕದ ಮನೆಯವರು ಧಾರವಾಡದ ಕಡೆಯವರು. ಆ ಯಜಮಾನರಿಗೂ ಅದೇ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಹಿಂದೆ ಅವರಿದ್ದ ಲೈಲ್ ಎಂಬ ಊರಿನಲ್ಲಿ ಕಂಪ್ಯೂಟರಿನವರನ್ನು ಕೆಲಸದಿಂದ ತೆಗೆದಾಗ, ಕಾರಿನ ಊರೇ ಗಟ್ಟಿ ಎಂದು ಇಲ್ಲಿಗೆ ಬಂದಿದ್ದರು. ಇನ್ನೂ ವೀಸಾದ ಮೇಲಿದ್ದರು; ಕೆಲಸ ಹೋದರೆ ದೇಶವನ್ನೇ ಬಿಡಬೇಕು. ನನಗೆ ಡ್ರೈವಿಂಗ್ ಬಾರದು. ಇಂಡಿಯನ್ ಸ್ಟೋರಿಗಾಗಲಿ, ಹಲ್ಲಿನ ಡಾಕ್ಟರ ಹತ್ತಿರವಾಗಲಿ, ಆ ಮನೆಯಾಕೆಯೇ ನನ್ನನ್ನು ಕರೆದೊಯ್ಯುತ್ತಿದ್ದಳು.

ಎರಡು ಸಾವಿರದ ಎಂಟರಲ್ಲಿ ಕಾರು ಕೊಳ್ಳುವವರೇ ಇಲ್ಲದಂತಾಯಿತು. ಮೊದಲು ಫ್ಯಾಕ್ಟರಿಯ ಶಿಫ್ಟುಗಳು ನಿಂತವು, ಆಮೇಲೆ ಅದರೆದುರಿನ ಹೋಟೆಲು ಮುಚ್ಚಿತು, ಕೊನೆಗೆ ಆಫೀಸಿನವರ ಸರದಿ. ಕೆಲಸ ಉಳಿದರೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆಂದು ನಾನು ಹರಕೆ ಹೊತ್ತೆ.

ಒಂದು ಶುಕ್ರವಾರ ತಾತ ಬಂದವರು ಶೂ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತರು. "ನಮ್ದು ಉಳೀತು ಕಣೇ," ಅಂದರು. ದನಿಯಲ್ಲಿ ಸಂತೋಷವಿರಲಿಲ್ಲ. ಯಾಕೆಂದು ಕೇಳಲಿಲ್ಲ ನಾನು. ರವೆ ಎಷ್ಟಿದೆ ಎಂದು ನೋಡಲು ಒಳಗೆ ಹೋದೆ.

ಭಾನುವಾರ ಪೂಜೆಯಾಯಿತು. ಹರಕೆಯ ಪ್ರಸಾದವನ್ನು ಮನೆಯೊಳಗೇ ಇಟ್ಟುಕೊಳ್ಳಬಾರದು, ನೆರೆಯವರಿಗೆ ಹಂಚಬೇಕು. ತಾತ ಪುರೋಹಿತರನ್ನು ಬಿಟ್ಟುಬರಲು ಹೋಗಿದ್ದರು. ಬಿಸಿ ಸಜ್ಜಿಗೆಯನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದ ಆಕೆಯ ಹಿಂದೆ ರಟ್ಟಿನ ಪೆಟ್ಟಿಗೆಗಳು.

"ಏನ್ ವಿಶೇಷ ಅಕ್ಕಾ?"

"ಹರಕೆ ಇತ್ತು. ನಮ್ಮೋರ ಕೆಲ್ಸ ಉಳೀಲಿ ಅಂತ."

ಹೇಳಿದ ಮೇಲೆ ಪೆಟ್ಟಿಗೆಗಳು ಏಕೆಂದು ಅರ್ಥವಾಯಿತು. ಪ್ರಸಾದವನ್ನು ಬೇಡವೆನ್ನುವ ಹಾಗಿಲ್ಲ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಚಲೋ ಆತು ಬಿಡ್ರಿ," ಎಂದು ನಕ್ಕಳು. "ದೇವ್ರು ಈ ಓಣಿ ತನಕಾ ಬಂದಿದ್ನಲ್ಲ, ನಮ್ಮ ಮನಿ ನಂಬರೂ ಒಂದ್ ಮಾತ್ ಹೇಳಬೇಕಿತ್ರಿ ಅಕ್ಕಾ."

ತಮಾಷೆಗೇ ಅಂದಳು. ಆದರೆ ಸಂಕಲ್ಪಕ್ಕೆ ಯಾರ್ಯಾರ ಹೆಸರು ಎಂದು ಪುರೋಹಿತರು ಕೇಳಿದಾಗ ನಾನು ಹೇಳಿದ್ದು ನಮ್ಮ ಮನೆಯವರದಷ್ಟೇ. ಹಾಗೇ ಮನೆಗೆ ವಾಪಸು ಬಂದೆ.

ತಾತ ಬಂದ ಮೇಲೆ, "ಅವ್ರ ಕೆಲ್ಸ ಹೋಗಿದ್ದು ಮೊದ್ಲೇ ಹೇಳ್ಬಾರ್ದಿತ್ತೇನ್ರೀ?" ಅಂದೆ.

"ನೀನು ಕೇಳ್ಲಿಲ್ವಲ್ಲೇ," ಅಂದರು.

ಅವರು ಊರಿಗೆ ಹೊರಡುವ ದಿನ ಆಕೆ ಡಬ್ಬಿ ತಂದುಕೊಟ್ಟಳು. ಖಾಲಿ ಕೊಡಬಾರದೆಂದು ಅದರಲ್ಲಿ ಸಕ್ಕರೆ ತುಂಬಿದ್ದಳು. ಅಡುಗೆಮನೆಯನ್ನೆಲ್ಲ ಕಟ್ಟಿಟ್ಟ ಮೇಲೆ ಎಲ್ಲಿಂದ ತೆಗೆದಳೋ. "ಇನ್ ಮ್ಯಾಲೆ ಅಂಗಡಿಗೆ ನಿಮ್ಮನ್ನ ಯಾರ್ ಕರ್ಕೊಂಡ್ ಹೋಗ್ತಾರ್ರಿ?" ಎಂದು ನನ್ನ ಚಿಂತೆಯನ್ನೇ ಮಾಡಿದಳು.

ಈಗ ಪ್ರತಿ ಪೂಜೆಯಲ್ಲೂ ಅವರ ಹೆಸರು ಹೇಳಿಸುತ್ತೇನೆ. ಹೋದ ಕೆಲಸ ಅದರಿಂದ ಬರುವುದಿಲ್ಲವೆಂದು ಗೊತ್ತು. ಈ ಹಾಳೆಗಳನ್ನು ಮಡಚಿ ಅದೇ ಡಬ್ಬಿಯಲ್ಲಿಟ್ಟಿದ್ದೇನೆ. ಮನೆ ಬದಲಾಯಿಸುವಾಗ ಹಳೆಯ ಪಾತ್ರೆಯೆಂದು ಎಸೆಯಬೇಡಿ ಮಕ್ಕಳೇ, ಜೋಪಾನವಾಗಿಟ್ಟುಕೊಳ್ಳಿ.