ಹುಣಸೆ ಮರದ ಕೆಳಗೆ ಮೊಟ್ಟೆ

ಬಿ.ಜಿ. ಕೆರೆಯಿಂದ ಮೂರು ಮೈಲಿ ಒಳಗಿರುವ ಹಟ್ಟಿಯ ಕರಿಯಕ್ಕನಿಗೆ ಐವತ್ತೆರಡು ವರ್ಷ. ಅಷ್ಟೂ ವರ್ಷದಲ್ಲಿ ಆಕೆ ಒಂದು ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಗಂಡ ಕಾಮಣ್ಣ ದೇವರ ಎತ್ತುಗಳನ್ನು, ಎಂದರೆ ದೇವರಿಗೆಂದೇ ಬಿಟ್ಟು ಪೂಜಿಸುವ ಎತ್ತುಗಳನ್ನು, ಕಾಯುವವನು. ಆ ಎತ್ತುಗಳಿರುವ ಕಡೆ ಕೋಳಿಯೂ ಇಲ್ಲ, ಮೊಟ್ಟೆಯೂ ಇಲ್ಲ. ಕುರಿ ಕೊಯ್ದರೆ ಬೇಡವೆನ್ನುವವರು ಯಾರೂ ಇಲ್ಲ, ಕೋಳಿಯ ಸುದ್ದಿ ಮಾತ್ರ ಎತ್ತುವಂತಿಲ್ಲ. ಯಾಕೆಂದು ಕೇಳಿದರೆ, "ನಮ್ಮತ್ತೆನೂ ಕೇಳಿರ್ಲಿಲ್ಲ, ನಾನೂ ಕೇಳ್ಲಿಲ್ಲ" ಅನ್ನುತ್ತಿದ್ದಳು.

ಇಂಥ ಮನೆಗೆ ಅಮೆರಿಕದಿಂದ ಮೇಗನ್ ಎಂಬ ಇಪ್ಪತ್ತರ ಹುಡುಗಿ ಬಂದಳು. ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಿ ಬಾ ಎಂದು ಅವಳ ಕಾಲೇಜಿನವರು ಕಳಿಸಿದ್ದರು. ದೇವರ ಎತ್ತುಗಳೇ ಅವಳ ವಿಷಯ. ಓದುವುದಕ್ಕೆ ಬೇರೇನೂ ಸಿಗಲಿಲ್ಲವೇ ಎಂದು ಹಟ್ಟಿಯೆಲ್ಲ ನಕ್ಕಿತು. ಅವಳನ್ನು ಕರೆತಂದ ಬೆಂಗಳೂರಿನ ಶಿಲ್ಪ ಮೇಡಂ, ಹುಡುಗಿಯ ತಾಯಿಯನ್ನು ಫೋನಿನಲ್ಲಿ ತೋರಿಸಿದರು. ಆಕೆ ಏನೋ ಹೇಳಲು ಹೋಗಿ ಅತ್ತೇಬಿಟ್ಟಳು. ಅದಕ್ಕೆ ಭಾಷೆ ಬೇಕಿತ್ತೇ?

"ನನ್ನ ಮಗಳಂಗೆ ನೋಡ್ಕೊಂತೀನಿ ಅಂತ ಹೇಳವ್ವ" ಎಂದಿದ್ದಳು ಕರಿಯಕ್ಕ. ಆಡಿದ ಮಾತು ಅವತ್ತಿನಿಂದ ಆಕೆಯ ನಿದ್ದೆ ಕೆಡಿಸಿತು.

ಮೂರನೆಯ ತಿಂಗಳು ಮೇಗನ್‌ಗೆ ಡೆಂಗ್ಯೂ ಬಂತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಐದು ದಿನ ಮಲಗಿ ಎದ್ದು ಬಂದವಳು ಅಂಗಳದಲ್ಲೇ ತಲೆ ಸುತ್ತಿ ಬಿದ್ದಳು. ಹಾಲು ಅವಳಿಗೆ ಒಗ್ಗದು, ಮುದ್ದೆ ಎರಡು ತುತ್ತಿಗೆ ಸಾಕು. ಡಾಕ್ಟರಮ್ಮ, ದಿನಾ ಎರಡು ಮೊಟ್ಟೆ ಕೊಡಿ ಎಂದರು. ಶಿಲ್ಪ ಮೇಡಂ ಫೋನಿನಲ್ಲಿ, "ಇನ್ನೊಂದ್ ಸಲ ಬಿದ್ರೆ ವಾಪಸ್ ಕಳಿಸ್ಬೇಕಾಗುತ್ತೆ ಅಕ್ಕಾ" ಎಂದರು. ಕರಿಯಕ್ಕನ ಜೀವ ಬಾಯಿಗೆ ಬಂತು. ಹುಡುಗಿ ಮಧ್ಯಾಹ್ನ ಕಣ್ಣು ಮುಚ್ಚಿದರೂ ಮೂಗಿನ ಹತ್ತಿರ ಕೈ ಹಿಡಿದು ನೋಡುವಳು.

ಕಾಮಣ್ಣ ಒಂದು ದಿನವೆಲ್ಲ ಯೋಚಿಸಿ ಹೇಳಿದ: "ಹಟ್ಟಿ ಹೊರಗೆ ಹುಣಸೆ ಮರದ ಕೆಳಗೆ ಬೇಯಿಸ್ಕೊಂಡು ತಿನ್ಲಿ. ತಿಂದ ದಿನ ಎತ್ತು ಕೂಡೋ ರೊಪ್ಪದ ಹತ್ರ ಬರಬಾರ್ದು, ಅಷ್ಟೆ."

ಹತ್ತು ದಿನ ಕಳೆಯಿತು. ಹುಡುಗಿಯ ಮುಖಕ್ಕೆ ರಕ್ತ ಬರಲಿಲ್ಲ. ಮೊಟ್ಟೆ ತಿಂದೂ ಹೀಗೇಕೆ, ಒಳಗೆ ಇನ್ನೇನು ರೋಗವೋ ಎಂದು ಕರಿಯಕ್ಕ ಹೆದರಿ ಹಣ್ಣಾದಳು.

ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಎತ್ತುಗಳ ರೊಪ್ಪಕ್ಕೆ ದೀಪ ಹಚ್ಚಲು ತುಪ್ಪದ ಬಟ್ಟಲು ಹಿಡಿದು ಹೊರಟಳು. ಮೂವತ್ತು ವರ್ಷದಿಂದ ಆ ದೀಪ ಆಕೆಯದೇ. ದೂರದ ಹುಣಸೆ ಮರದ ಕಡೆ ಕಣ್ಣು ಹೋಯಿತು. ಮೇಗನ್ ಸುಲಿದ ಮೊಟ್ಟೆಯನ್ನು ನಾಯಿಯ ಮುಂದೆ ಇಡುತ್ತಿದ್ದಳು.

ಕರಿಯಕ್ಕ ಓಡಿದಳು. "ಎಷ್ಟು ದಿನದಿಂದ ಹಿಂಗೆ?"

"ಎಲ್ಲಾ ದಿನ," ಎಂದಳು ಹುಡುಗಿ ತಾನು ಕಲಿತ ಹಟ್ಟಿಯ ಮಾತಿನಲ್ಲಿ, ತಲೆ ತಗ್ಗಿಸಿ. "ಮೊಟ್ಟೆ ತಿಂದ್ರೆ ಎತ್ತು ನೋಡೋಂಗಿಲ್ಲ. ನಾನು ಅದಕ್ಕೇ ಬಂದಿದ್ದು ಅಕ್ಕಾ. ತಿನ್ನದೇ ಇದ್ದು, ಯಾರೂ ಕಾಣದಂಗೆ ಹೋಗಿ ನೋಡ್ತಿದ್ದೆ." ಹೇಳುತ್ತಾ ಎದ್ದವಳು ಕುಸಿದಳು. ಕರಿಯಕ್ಕ ಬಟ್ಟಲು ಬಿಸಾಕಿ ಹಿಡಿದುಕೊಂಡಳು.

ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಹುಡುಗಿ ಕಣ್ಣು ಬಿಟ್ಟಳು. ಪಾತ್ರೆಯಲ್ಲಿ ಇನ್ನೊಂದು ಮೊಟ್ಟೆ ಇತ್ತು. ಅವಳು ಅದನ್ನೆತ್ತಿಕೊಂಡಳು, ಸುಲಿಯುವಷ್ಟು ಶಕ್ತಿ ಬೆರಳಿಗಿರಲಿಲ್ಲ. ಕರಿಯಕ್ಕ ಒಂದು ಗಳಿಗೆ ನೋಡಿದಳು. ಆಮೇಲೆ ಕಿತ್ತುಕೊಂಡಳು. ಸುಲಿಯುವುದು ಹೇಗೆಂದು ಗೊತ್ತಿಲ್ಲ. ಈರುಳ್ಳಿಯಂತೆ ತುದಿಗೆ ಉಗುರು ಹಾಕಿ ಎಳೆದಳು. ಬಿಳಿಯ ಭಾಗ ಅರ್ಧಕ್ಕರ್ಧ ಚಿಪ್ಪಿನೊಂದಿಗೇ ಕಿತ್ತು ಬಂತು.

"ದೀಪಕ್ಕೆ ಹೊತ್ತಾತು, ಎಲ್ಲಿದ್ದೀಯೇ?" ಎನ್ನುತ್ತಾ ಬಂದ ಕಾಮಣ್ಣ ಆಕೆಯ ಕೈ ನೋಡಿ ನಿಂತುಬಿಟ್ಟ.

"ಇವತ್ತು ನೀವೇ ಹಚ್ಚಿಬಿಡ್ರಿ," ಎಂದಳು ಕರಿಯಕ್ಕ. ತಿರುಗಿ ನೋಡಲಿಲ್ಲ.

ಮೇಗನ್ ಮುಖ ಸರಿಸಿದಳು. "ಬ್ಯಾಡ ಅಕ್ಕಾ, ನಿಮ್ಮ ಪೂಜೆ..."

"ಬಾಯಿ ತೆಗಿ! ಆಮ್ಯಾಲೆ ಶಿಲ್ಪ ಮೇಡಂಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಕರ್ಕೊಂಡು ಹೋಗೋದಾದ್ರೆ ಹೋಗ್ಲಿ. ಅಲ್ಲೀತನಕ ನೀನು ನನ್ನ ಕೂಸು."

ಹುಡುಗಿ ಅಳುತ್ತಲೇ ಬಾಯಿ ತೆರೆದಳು. ಕರಿಯಕ್ಕ ಒಳಗಿನದನ್ನು ತಿನ್ನಿಸಿ ಮುಗಿಸಿ, ಚಿಪ್ಪಿಗೆ ಅಂಟಿದ್ದನ್ನೂ ಉಗುರಿನಿಂದ ಕೆರೆದು, ಒಂದು ಚೂರೂ ಬಿಡದೆ ಅವಳ ಬಾಯಿಗಿಟ್ಟಳು.